ತರ್ಕದ ಒಗಟು ಬಿಡಿಸುವುದು ಹೇಗೆ? ಒಬ್ಬರೇ ಕೂತಾಗ, ನಾಲ್ಕು ಜನ ಸೇರಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಸಂಜೆ ನಮ್ಮ ಮನೆಯ ಊಟದ ಮೇಜಿನ ಸುತ್ತ ನಾಲ್ಕೈದು ಜನ ಸೇರುತ್ತೇವೆ. ಒಂದು ಒಗಟು, ಒಂದಿಷ್ಟು ರಫ್ ಹಾಳೆ, ಎರಡು ಸುತ್ತು ಕಾಫಿ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಇರುತ್ತವೆ. ಪ್ರತಿ ಸಲ ಬಾಯಲ್ಲಿ ಹೇಳುತ್ತಿದ್ದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಒಗಟು ಅಂದರೆ ಅಜ್ಜಿ ಹೇಳುತ್ತಿದ್ದಳಲ್ಲ, ಆ ಒಗಟೇನಾ?

ಅಲ್ಲ. "ನೀಲಿ ಕೆರೇಲಿ ಬಿಳಿ ಮೀನು" ಅಂದರೆ ನಕ್ಷತ್ರ. ಅದು ಥಟ್ಟನೆ ಹೊಳೆಯಬೇಕು, ಇಲ್ಲವೇ ಯಾರಾದರೂ ಹೇಳಬೇಕು. ಹಂತ ಹಂತವಾಗಿ ಹೋಗಿ ತಲುಪುವ ದಾರಿ ಅಲ್ಲಿಲ್ಲ. ತರ್ಕದ ಒಗಟಿನಲ್ಲಿ ಬೇಕಾದ್ದೆಲ್ಲ ಹಾಳೆಯ ಮೇಲೇ ಇರುತ್ತದೆ. ಸುಡೊಕು (ಪ್ರತಿ ಸಾಲು, ಪ್ರತಿ ಕಂಬ, ಪ್ರತಿ ಚಿಕ್ಕ ಚೌಕದಲ್ಲಿ 1ರಿಂದ 9ರ ಅಂಕಿಗಳು ಒಂದೊಂದೇ ಸಲ ಬರುವ ಹಾಗೆ ತುಂಬುವ ಆಟ), ಸುಳ್ಳುಗಾರ ಯಾರು ಅಂತ ಹುಡುಕುವ ಒಗಟು, ಯಾರ ಮನೆ ಯಾವ ಬಣ್ಣ ಅಂತ ಕೇಳುವ ಒಗಟು, ಎಲ್ಲವೂ ಈ ಜಾತಿಗೆ ಸೇರಿದವು. ಇಲ್ಲಿ ಉತ್ತರದಷ್ಟೇ ಮುಖ್ಯವಾದ ಇನ್ನೊಂದು ಇದೆ: ಅದು ಯಾಕೆ ಸರಿ ಅಂತ ಹೇಳಲು ಬರಬೇಕು. ನಮ್ಮ ಮೇಜಿನಲ್ಲಿ ಇರುವುದು ಒಂದೇ ನಿಯಮ. ಯಾಕೆ ಅಂತ ಹೇಳಲು ಆಗದೇ ಇರುವುದನ್ನು ಪೆನ್ನಿನಲ್ಲಿ ಬರೆಯಬಾರದು.

ಒಗಟು ಕೈಗೆ ಬಂತು. ಮೊದಲು ಏನು ಮಾಡಲಿ?

ಎರಡು ಸಲ ಓದಿ. ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಓದುವಾಗ ಯಾವ ಸುಳಿವು ಜಾಸ್ತಿ ದಾರಿಗಳನ್ನು ಮುಚ್ಚುತ್ತದೆ ಅಂತ ನೋಡಿ. ಮೊದಲನೇ ಸುಳಿವಿನಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಒಂದು ಚಿಕ್ಕ ಉದಾಹರಣೆ ನೋಡಿ.

ಗಿರಿಜಾ, ಮಂಜು, ಸಲೀಂ ಹೋಟೆಲಿಗೆ ಹೋದರು. ಒಬ್ಬರು ಇಡ್ಲಿ, ಒಬ್ಬರು ದೋಸೆ, ಒಬ್ಬರು ಪೂರಿ ತಿಂದರು. ಒಬ್ಬರು ಕಾಫಿ, ಒಬ್ಬರು ಟೀ, ಒಬ್ಬರು ಬಾದಾಮಿ ಹಾಲು ಕುಡಿದರು. ಸುಳಿವು ಮೂರೇ. ಗಿರಿಜಾ ಇಡ್ಲಿ ತಿಂದಳು. ಮಂಜು ಕಾಫಿ ಕುಡಿದ. ಟೀ ಕುಡಿದವರು ಇಡ್ಲಿಯನ್ನೂ ತಿನ್ನಲಿಲ್ಲ, ದೋಸೆಯನ್ನೂ ತಿನ್ನಲಿಲ್ಲ.

ಮೂರನೇ ಸುಳಿವಿನಲ್ಲಿ ಬರೀ "ಇಲ್ಲ" ಇದೆ ಅಂತ ಅದನ್ನು ಕೊನೆಗೆ ಇಟ್ಟುಕೊಳ್ಳುವವರೇ ಜಾಸ್ತಿ. ಆದರೆ ಬಾಗಿಲು ತೆರೆಯುವುದು ಅದೇ. ಮೂರು ತಿಂಡಿಯಲ್ಲಿ ಎರಡು ಹೋದರೆ ಉಳಿಯುವುದು ಒಂದೇ. ಹಾಗಾದರೆ ಟೀ ಜೊತೆ ಹೋಗುವುದು ಪೂರಿ. ಗಿರಿಜಾ ತಿಂದದ್ದು ಇಡ್ಲಿ, ಆದ್ದರಿಂದ ಟೀ ಅವಳದ್ದಲ್ಲ. ಮಂಜು ಕುಡಿದದ್ದು ಕಾಫಿ. ಉಳಿದವನು ಸಲೀಂ, ಅವನಿಗೆ ಟೀ ಮತ್ತು ಪೂರಿ. ಮಂಜುಗೆ ದೋಸೆ, ಗಿರಿಜಾಗೆ ಬಾದಾಮಿ ಹಾಲು. ಎಲ್ಲೂ ಊಹೆ ಮಾಡಲಿಲ್ಲ, ನೋಡಿ. "ಇಲ್ಲ" ಅನ್ನುವ ಸುಳಿವುಗಳನ್ನು ಕಡೆಗಣಿಸಬೇಡಿ.

ಇದಕ್ಕೆಲ್ಲ ಟೇಬಲ್ ಹಾಕಲೇಬೇಕಾ? ಮನಸ್ಸಿನಲ್ಲೇ ಮಾಡಬಾರದಾ?

ಮೇಲಿನಷ್ಟು ಚಿಕ್ಕದಾದರೆ ಮನಸ್ಸಿನಲ್ಲೇ ಮಾಡಿ. ಐದು ಮನೆಗಳ ಪ್ರಸಿದ್ಧ ಒಗಟು ಇದೆಯಲ್ಲ, ಜೀಬ್ರಾ ಯಾರದ್ದು ಅಂತ ಕೇಳುವುದು? 1962ರ ಡಿಸೆಂಬರ್‌ನಲ್ಲಿ ಲೈಫ್ ಇಂಟರ್‌ನ್ಯಾಷನಲ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ವಾಟ್ಸಾಪ್‌ನಲ್ಲಿ ಅದು ಐನ್‌ಸ್ಟೈನ್ ಮಾಡಿದ ಒಗಟು ಅಂತ ಓಡಾಡುತ್ತದೆ. ಅದಕ್ಕೆ ಆಧಾರ ಇಲ್ಲ. ಅಲ್ಲಿ ಐದು ಮನೆ, ಪ್ರತಿ ಮನೆಗೆ ಐದು ವಿಷಯ, ಒಟ್ಟು 25 ಖಾಲಿ ಜಾಗ. ನಮ್ಮ ತಲೆ ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ನಾಲ್ಕೈದು ಸಂಗತಿ ಅಷ್ಟೇ. ಉಳಿದದ್ದನ್ನು ಹಾಳೆ ಹಿಡಿದುಕೊಳ್ಳಲಿ.

ಟೇಬಲ್ ಅಂದರೆ ಸಾಲುಗಳಲ್ಲಿ ಹೆಸರು, ಕಂಬಗಳಲ್ಲಿ ತಿಂಡಿ ಬರೆದು, ಹೊಂದುವ ಕಡೆ ರೈಟ್, ಹೊಂದದ ಕಡೆ ಇಂಟು ಹಾಕುವುದು. ಇಲ್ಲಿ ರೈಟ್ ಮಾರ್ಕ್‌ಗಿಂತ ಇಂಟು ಮಾರ್ಕ್ ಮುಖ್ಯ. ಒಂದು ರೈಟ್ ಹಾಕಿದ ಕೂಡಲೇ ಅದೇ ಸಾಲಿನಲ್ಲಿ, ಅದೇ ಕಂಬದಲ್ಲಿ ಬರುವ ಇಂಟುಗಳನ್ನೆಲ್ಲ ಹಾಕಿ ಮುಗಿಸಿ. "ಆಮೇಲೆ ಹಾಕೋಣ" ಅಂತ ಬಿಟ್ಟ ಇಂಟು ಮಾರ್ಕೇ ಎಷ್ಟೋ ಸಲ ನಾವು ಹುಡುಕುತ್ತಿದ್ದ ಸುಳಿವಾಗಿರುತ್ತದೆ.

ಊಹೆ ಮಾಡುವುದು ತಪ್ಪಾ?

ಊಹೆಯಲ್ಲಿ ಎರಡು ಬಗೆ. "ಇರಲಿ, 5 ಹಾಕೋಣ, ಆಗಬಹುದು" ಅನ್ನುವುದು ಒಂದು. "5 ಅಂತ ಇಟ್ಟುಕೊಳ್ಳೋಣ, ಆಗ ಏನಾಗುತ್ತದೆ?" ಅನ್ನುವುದು ಇನ್ನೊಂದು. ಮೊದಲನೆಯದನ್ನು ಬಿಟ್ಟುಬಿಡಿ. ಎರಡನೆಯದು ತರ್ಕವೇ.

ಒಂದು ಊರಲ್ಲಿ ಎರಡು ಥರದ ಜನ. ಕೆಲವರು ಯಾವಾಗಲೂ ನಿಜ ಹೇಳುತ್ತಾರೆ, ಉಳಿದವರು ಯಾವಾಗಲೂ ಸುಳ್ಳು ಹೇಳುತ್ತಾರೆ. ರಾಮಣ್ಣ, ಸೋಮಣ್ಣ ಅಂತ ಇಬ್ಬರು ಎದುರಿಗೆ ಬಂದರು. ರಾಮಣ್ಣ ಹೇಳಿದ: "ನಮ್ಮಿಬ್ಬರಲ್ಲಿ ಒಬ್ಬನಾದರೂ ಸುಳ್ಳುಗಾರ." ಈಗ ರಾಮಣ್ಣ ಸುಳ್ಳುಗಾರ ಅಂತ ಇಟ್ಟುಕೊಳ್ಳಿ. ಆಗ "ಒಬ್ಬನಾದರೂ ಸುಳ್ಳುಗಾರ" ಅನ್ನುವ ಮಾತು ನಿಜವಾಗಿಬಿಡುತ್ತದೆ. ಸುಳ್ಳುಗಾರನ ಬಾಯಲ್ಲಿ ನಿಜ ಬರಲು ಆಗದು. ಆದ್ದರಿಂದ ರಾಮಣ್ಣ ನಿಜ ಹೇಳುವವನು. ಅವನ ಮಾತು ನಿಜವಾದರೆ ಸುಳ್ಳುಗಾರ ಸೋಮಣ್ಣನೇ. ಒಂದು ಊಹೆ ಮುರಿದುಬಿದ್ದದ್ದರಿಂದಲೇ ಉತ್ತರ ಸಿಕ್ಕಿತು.

ಹಾಳೆಯ ಮೇಲೆ ಹೀಗೆ ಮಾಡುವಾಗ ಬೇರೆ ಬಣ್ಣ ಬಳಸಿ. ಊಹೆ ಶುರುವಾದ ಮನೆಗೆ (ಅಂದರೆ ಹಾಳೆಯ ಮೇಲಿನ ಆ ಖಾಲಿ ಚೌಕಕ್ಕೆ) ಸುತ್ತು ಹಾಕಿ. ಮುರಿದುಬಿದ್ದರೆ ಆ ಬಣ್ಣದ್ದನ್ನೆಲ್ಲ ಅಳಿಸಿದರೆ ಆಯಿತು. ಒಂದು ಊಹೆಯ ಒಳಗೆ ಇನ್ನೊಂದು ಊಹೆ ಬೇಡ. ದಾರಿ ತಪ್ಪಿದರೆ ಎಲ್ಲಿಗೆ ವಾಪಸ್ ಬರಬೇಕು ಅಂತಲೇ ಗೊತ್ತಾಗುವುದಿಲ್ಲ.

ಸುಡೊಕು ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಏನು ಮಾಡಲಿ?

ಪ್ರಶ್ನೆಯನ್ನು ತಿರುಗಿಸಿ ಕೇಳಿ. "ಈ ಮನೆಯಲ್ಲಿ ಯಾವ ಅಂಕಿ ಬರಬಹುದು?" ಅಂತ ಕೇಳುತ್ತಿದ್ದರೆ, "ಈ ಸಾಲಿನಲ್ಲಿ 7 ಎಲ್ಲಿ ಬರಬಹುದು?" ಅಂತ ಕೇಳಿ. ಎರಡೂ ಬೇರೆ ಬೇರೆ ಪ್ರಶ್ನೆಗಳು. ಒಂದು ಮುಚ್ಚಿಟ್ಟದ್ದನ್ನು ಇನ್ನೊಂದು ತೋರಿಸುತ್ತದೆ.

ಆಮೇಲೆ ಜೋಡಿಗಳನ್ನು ಹುಡುಕಿ. ಒಂದು ಸಾಲಿನ ಎರಡು ಮನೆಗಳಲ್ಲಿ 3 ಮತ್ತು 7 ಮಾತ್ರ ಬರಬಹುದು ಅಂತ ಇಟ್ಟುಕೊಳ್ಳಿ. ಯಾವುದರಲ್ಲಿ ಯಾವುದು ಅಂತ ಇನ್ನೂ ಗೊತ್ತಿಲ್ಲ. ಪರವಾಗಿಲ್ಲ. ಆ ಎರಡು ಅಂಕಿಗಳು ಆ ಎರಡು ಮನೆಗಳಲ್ಲೇ ಮುಗಿದವು. ಸಾಲಿನ ಬೇರೆ ಯಾವ ಮನೆಗೂ 3 ಇಲ್ಲ, 7 ಇಲ್ಲ. ಅದೇ ಸಾಲಿನಲ್ಲಿ 3, 7, 9 ಅಂತ ಮೂರು ಸಾಧ್ಯತೆ ಇದ್ದ ಮನೆ ಈಗ 9 ಆಯಿತು. ಏನೂ ಗೊತ್ತಿಲ್ಲದ ಎರಡು ಮನೆಗಳು ಮೂರನೆಯದಕ್ಕೆ ಉತ್ತರ ಕೊಟ್ಟವು. ನನಗೆ ಸುಡೊಕು ಮೇಲೆ ಪ್ರೀತಿ ಹುಟ್ಟಿದ್ದೇ ಇದನ್ನು ಮೊದಲ ಸಲ ಕಂಡಾಗ.

ಸರಿಯಾಗಿ ಮಾಡಿದ ಸುಡೊಕುಗೆ ಒಂದೇ ಉತ್ತರ ಇರುತ್ತದೆ. ಅದಕ್ಕೆ ಕನಿಷ್ಠ 17 ಅಂಕಿ ಕೊಟ್ಟಿರಬೇಕು. 16 ಸಾಲದು ಅಂತ 2012ರಲ್ಲಿ ಡಬ್ಲಿನ್‌ನ ಗಣಿತಜ್ಞರ ತಂಡ ಕಂಪ್ಯೂಟರಿನ ಸಹಾಯದಿಂದ ತೋರಿಸಿತು. ಅಂದ ಹಾಗೆ, ಹೆಸರು ಜಪಾನಿನದ್ದಾದರೂ ಈಗಿನ ರೂಪದ ಈ ಆಟ ಮೊದಲು ಬಂದದ್ದು 1979ರಲ್ಲಿ, ಅಮೆರಿಕದ ಒಂದು ಪತ್ರಿಕೆಯಲ್ಲಿ.

ಎಷ್ಟು ಹೊತ್ತು ಕೂತರೂ ಮುಂದೆ ಹೋಗುತ್ತಿಲ್ಲ. ಬಿಟ್ಟುಬಿಡಲಾ?

ಬಿಡುವ ಮುಂಚೆ ಒಂದು ಕೆಲಸ ಮಾಡಿ. ಒಗಟು ಹೇಳದೇ ಇರುವ ಯಾವ ನಿಯಮವನ್ನು ನೀವೇ ಸೇರಿಸಿಕೊಂಡಿದ್ದೀರಿ ಅಂತ ಹುಡುಕಿ.

ಹುಲಿ, ಹಸು, ಹುಲ್ಲಿನ ಕಂತೆ ಕಥೆ ನಮಗೆಲ್ಲ ಗೊತ್ತು. ದೋಣಿಯಲ್ಲಿ ಒಂದೇ ಹಿಡಿಯುತ್ತದೆ. ಹುಲಿಯ ಜೊತೆ ಹಸು ಬಿಡುವ ಹಾಗಿಲ್ಲ, ಹಸುವಿನ ಜೊತೆ ಹುಲ್ಲು ಬಿಡುವ ಹಾಗಿಲ್ಲ. ಯುರೋಪಿನಲ್ಲಿ ಇದೇ ಕಥೆ ತೋಳ, ಮೇಕೆ, ಎಲೆಕೋಸು ಅಂತ ಸಾವಿರ ವರ್ಷಕ್ಕೂ ಹಳೆಯ ಹಸ್ತಪ್ರತಿಗಳಲ್ಲಿದೆ. ಮೊದಲು ಹಸುವನ್ನು ದಾಟಿಸುವುದು ಎಲ್ಲರಿಗೂ ಹೊಳೆಯುತ್ತದೆ. ಆಮೇಲೆ ಹುಲಿಯನ್ನು ದಾಟಿಸಿದರೂ ಕಷ್ಟ, ಹುಲ್ಲನ್ನು ದಾಟಿಸಿದರೂ ಕಷ್ಟ. ಅಲ್ಲೇ ನಿಲ್ಲುತ್ತೇವೆ. ಯಾಕೆ? ದಾಟಿಸಿದ್ದನ್ನು ವಾಪಸ್ ತರಬಾರದು ಅಂತ ನಮ್ಮಷ್ಟಕ್ಕೆ ನಾವೇ ಅಂದುಕೊಂಡಿರುತ್ತೇವೆ. ಹಾಗಂತ ಕಥೆ ಎಲ್ಲೂ ಹೇಳಿಲ್ಲ. ಹುಲಿಯನ್ನು ಆ ದಡಕ್ಕೆ ಬಿಟ್ಟು ಹಸುವನ್ನು ವಾಪಸ್ ತಂದರೆ ದಾರಿ ತೆರೆಯುತ್ತದೆ. ಹಸುವನ್ನು ಈ ದಡದಲ್ಲಿ ಇಳಿಸಿ ಹುಲ್ಲು ಒಯ್ಯಿರಿ. ಖಾಲಿ ದೋಣಿಯಲ್ಲಿ ಬಂದು ಹಸುವನ್ನು ಕರೆದುಕೊಂಡು ಹೋಗಿ. ಒಟ್ಟು 7 ಸಲ ನದಿ ದಾಟಬೇಕು.

ಇಷ್ಟು ಹುಡುಕಿಯೂ ಸಿಗದಿದ್ದರೆ ಎದ್ದು ಹೋಗಿ. ಗಿಡಕ್ಕೆ ನೀರು ಹಾಕಿ, ಪಾತ್ರೆ ತೊಳೆಯಿರಿ, ಮಲಗಿ. ಮರುದಿನ ಹೊಸ ಹಾಳೆಯಲ್ಲಿ ಶುರು ಮಾಡಿ. ಹಳೆಯ ಹಾಳೆಯನ್ನೇ ನೋಡುತ್ತಾ ಕೂತರೆ ಹಳೆಯ ದಾರಿಯೇ ಕಾಣುತ್ತದೆ.

ಕೊನೆಯಲ್ಲಿ ತಪ್ಪು ಅಂತ ಗೊತ್ತಾಗುತ್ತದೆ. ಎಲ್ಲಿ ತಪ್ಪಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಪ್ರತಿ ಹೆಜ್ಜೆಗೂ ಸಂಖ್ಯೆ ಹಾಕಿ, ಪಕ್ಕದಲ್ಲಿ ಎರಡು ಪದದ ಕಾರಣ ಬರೆಯಿರಿ. "4. ಮಂಜು ದೋಸೆ, ಉಳಿದದ್ದು ಅದೇ." ಅಷ್ಟು ಸಾಕು. ತಪ್ಪಾದಾಗ ಕಾರಣಗಳನ್ನು ಮಾತ್ರ ಓದುತ್ತಾ ಬನ್ನಿ. ಯಾವ ಹೆಜ್ಜೆಗೆ ಕಾರಣ ಬರೆದಿಲ್ಲವೋ ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಒಬ್ಬರೇ ಮಾಡುವುದು ಒಳ್ಳೆಯದಾ, ಗುಂಪಿನಲ್ಲಿ ಮಾಡುವುದಾ?

ನನ್ನನ್ನು ಕೇಳಿದರೆ ಎರಡೂ ಬೇಕು, ಅದೂ ಇದೇ ಕ್ರಮದಲ್ಲಿ: ಮೊದಲು ಒಬ್ಬರೇ, ಆಮೇಲೆ ಎಲ್ಲರೂ. ಯಾಕೆ ಅಂತ ಹೇಳಲು ಒಂದು ಒಗಟು ಬೇಕು.

ಮೇಜಿನ ಮೇಲೆ ನಾಲ್ಕು ಕಾರ್ಡ್. ಪ್ರತಿ ಕಾರ್ಡಿನ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಂಕಿ. ನಿಮಗೆ ಕಾಣುವುದು ಅ, ಕ, 4, 7. ಒಬ್ಬರು ಹೇಳುತ್ತಾರೆ: "ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇದೆ." ಈ ಮಾತು ನಿಜವೇ ಅಂತ ನೋಡಲು ಯಾವ ಕಾರ್ಡುಗಳನ್ನು ತಿರುಗಿಸಲೇಬೇಕು? ಓದುವುದನ್ನು ಒಂದು ನಿಮಿಷ ನಿಲ್ಲಿಸಿ, ನಿಮ್ಮ ಉತ್ತರ ಬರೆದಿಡಿ.

ಹೆಚ್ಚಿನವರು ಅ ಮತ್ತು 4 ಅನ್ನುತ್ತಾರೆ. ಸರಿಯಾದ ಉತ್ತರ ಅ ಮತ್ತು 7. 4ರ ಹಿಂದೆ ಸ್ವರ ಇದ್ದರೂ, ವ್ಯಂಜನ ಇದ್ದರೂ ಮಾತು ಮುರಿಯುವುದಿಲ್ಲ. 7ರ ಹಿಂದೆ ಸ್ವರ ಇದ್ದರೆ ಮಾತ್ರ ಮುರಿಯುತ್ತದೆ. ಇದು ಪೀಟರ್ ವೇಸನ್ ಅನ್ನುವ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು 1966ರಲ್ಲಿ ಮುಂದಿಟ್ಟ ಒಗಟು. ನಮ್ಮ ಅಕ್ಷರಗಳನ್ನು ಹಾಕಿದ್ದು ನಾನು. 1998ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದೇ ಬಗೆಯ ಒಗಟನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟರು. ಒಬ್ಬೊಬ್ಬರೇ ಕೂತು ಮಾಡಿದವರಲ್ಲಿ ಸರಿ ಉತ್ತರ ಕೊಟ್ಟದ್ದು ನೂರಕ್ಕೆ 9 ಜನ. ಐದಾರು ಜನ ಸೇರಿ ಮಾತಾಡಿ ಮಾಡಿದ ಗುಂಪುಗಳಲ್ಲಿ ನೂರಕ್ಕೆ 75ರಷ್ಟು ಗುಂಪುಗಳಿಗೆ ಸರಿ ಉತ್ತರ ಸಿಕ್ಕಿತು.

ಗುಂಪಿನಲ್ಲಿ ಒಬ್ಬ ಜಾಣ ಇದ್ದು ಎಲ್ಲರಿಗೂ ಹೇಳಿಕೊಟ್ಟ ಅಂತ ಅನ್ನಿಸಬಹುದು. ಅಷ್ಟೇ ಆಗಿರಲಿಲ್ಲ. "4 ಯಾಕೆ ಬೇಕು?" ಅಂತ ಒಬ್ಬರು ಕೇಳುತ್ತಾರೆ. ಹೇಳಲು ಹೋದವರಿಗೆ ಕಾರಣ ಸಿಗುವುದಿಲ್ಲ. ಅಲ್ಲಿಂದ ಯೋಚನೆ ಬೇರೆ ಕಡೆ ತಿರುಗುತ್ತದೆ. ಒಬ್ಬರೇ ಇದ್ದಾಗ ಆ ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ, ಅಲ್ವಾ?

ಈ ಒಗಟನ್ನು ಸುಲಭ ಮಾಡುವ ಇನ್ನೊಂದು ದಾರಿಯೂ ಇದೆ. ಅದನ್ನು ಬಸ್ಸಿಗೆ ಹತ್ತಿಸಿ. ನಿಯಮ: ಹಿರಿಯ ನಾಗರಿಕರ ರಿಯಾಯಿತಿ ಟಿಕೆಟ್ ತೆಗೆದುಕೊಂಡವರಿಗೆ 60 ವರ್ಷ ಆಗಿರಬೇಕು. ನಾಲ್ಕು ಪ್ರಯಾಣಿಕರು. ಒಬ್ಬರ ಕೈಯಲ್ಲಿ ರಿಯಾಯಿತಿ ಟಿಕೆಟ್, ಒಬ್ಬರ ಕೈಯಲ್ಲಿ ಪೂರ್ತಿ ಟಿಕೆಟ್. ಉಳಿದವರಲ್ಲಿ ಒಬ್ಬರಿಗೆ 70 ವರ್ಷ, ಒಬ್ಬರಿಗೆ 20. ಕಂಡಕ್ಟರ್ ಯಾರನ್ನು ವಿಚಾರಿಸಬೇಕು? ರಿಯಾಯಿತಿ ಟಿಕೆಟ್‌ನವರ ವಯಸ್ಸು, 20 ವರ್ಷದವರ ಟಿಕೆಟ್. ತಟ್ಟನೆ ಹೊಳೆಯಿತಲ್ಲ? ಒಗಟು ಅದೇ. ಅಕ್ಷರ, ಅಂಕಿಗಳಲ್ಲಿ ಸಿಕ್ಕಿಬಿದ್ದಾಗ ಅದನ್ನು ನಿಮ್ಮ ಅಡುಗೆಮನೆಗೆ, ಬಸ್ಸಿಗೆ, ಸಂತೆಗೆ ತಂದು ನೋಡಿ.

ಗುಂಪಿನಲ್ಲಿ ಎಷ್ಟು ಜನ ಇರಬೇಕು?

ಮೂರರಿಂದ ಐದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಅಕ್ಷರಕ್ಕೆ ಅಂಕಿ ಹೊಂದಿಸುವ ಒಗಟು ಕೊಟ್ಟಿದ್ದರು. ಮೂರು, ನಾಲ್ಕು, ಐದು ಜನರ ಗುಂಪುಗಳು, ಅಷ್ಟೇ ಜನ ಬೇರೆ ಬೇರೆ ಕೂತಾಗ ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದವರನ್ನೂ ಮೀರಿಸಿದವು. ಇಬ್ಬರ ಜೋಡಿಗೆ ಆ ಲಾಭ ಕಾಣಲಿಲ್ಲ. ಮೂರರಿಂದ ಐದಕ್ಕೆ ಏರಿಸಿದಾಗ ಹೆಚ್ಚಿನ ಲಾಭವೂ ಬರಲಿಲ್ಲ. ನಮ್ಮ ಮೇಜಿನಲ್ಲಿ ಆರನೆಯವರು ಬಂದರೆ ಎರಡು ಗುಂಪು ಮಾಡುತ್ತೇವೆ.

ಒಬ್ಬರೇ ಮಾತಾಡುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ. ಹೇಗೆ ಸರಿ ಮಾಡುವುದು?

ಇದು ಎಲ್ಲ ಗುಂಪುಗಳ ಕಷ್ಟ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದು ಹೋಲಿಕೆ ಮಾಡಿದರು. ನಾಲ್ಕು ಜನ ಸೇರಿ ಮಾತಾಡಿ ಹೊಸ ಯೋಚನೆ ಹೇಳುವುದು ಒಂದು ಕಡೆ. ನಾಲ್ಕು ಜನ ಬೇರೆ ಬೇರೆ ಕೂತು ಬರೆದದ್ದನ್ನು ಆಮೇಲೆ ಒಟ್ಟು ಮಾಡುವುದು ಇನ್ನೊಂದು ಕಡೆ. ಬೇರೆ ಬೇರೆ ಕೂತವರಿಂದಲೇ ಜಾಸ್ತಿ ಯೋಚನೆಗಳು ಬಂದವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುತ್ತಾ ಕಾಯುತ್ತಾ ಹೊಳೆದದ್ದು ಮರೆತುಹೋಗುತ್ತದೆ. ಅಂದರೆ ದಾರಿ ಹುಡುಕಲು ಏಕಾಂತ ಬೇಕು, ಹುಡುಕಿದ್ದು ಸರಿಯೇ ಅಂತ ನೋಡಲು ಜನ ಬೇಕು.

ಅದಕ್ಕೇ ನಾವು ಮೊದಲ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಎಲ್ಲರೂ ತಮ್ಮ ಹಾಳೆಯಲ್ಲಿ ಬರೆಯುತ್ತಾರೆ. ಆಮೇಲೆ ಎಲ್ಲರಿಗಿಂತ ಚಿಕ್ಕವರಿಂದ ಶುರು ಮಾಡಿ ಒಬ್ಬೊಬ್ಬರೂ ಓದುತ್ತಾರೆ. ದೊಡ್ಡವರು ಮೊದಲು ಹೇಳಿಬಿಟ್ಟರೆ ಚಿಕ್ಕವರು ಬಾಯಿ ಬಿಡುವುದಿಲ್ಲ. ನಮ್ಮ ಕಡೆ ಅದು ಸಹಜ.

ಒಮ್ಮೆ ಏನಾಯಿತು ಅಂದರೆ, ಒಂದು ಒಗಟಿನಲ್ಲಿ ನಾವು ಮೂವರು ಹಿರಿಯರು ಒಂದೇ ಉತ್ತರಕ್ಕೆ ಬಂದಿದ್ದೆವು. ಪಿಯುಸಿ ಓದುತ್ತಿದ್ದ ಹುಡುಗಿ ಮೆಲ್ಲಗೆ, "ಅಂಕಲ್, ಮೂರನೇ ಹೆಜ್ಜೆ ಯಾಕೆ ಅಂತ ನನಗೆ ಗೊತ್ತಾಗಲಿಲ್ಲ" ಅಂದಳು. ಅವಳಿಗೆ ಅರ್ಥ ಮಾಡಿಸಲು ಹೊರಟೆ. ಅರ್ಧ ವಾಕ್ಯ ಹೇಳುವಷ್ಟರಲ್ಲಿ ಮಾತು ನಿಂತಿತು. "ಎಡಕ್ಕೆ" ಅಂತ ಒಗಟಿನಲ್ಲಿ ಇದ್ದದ್ದನ್ನು ಮೂವರೂ "ಎಡ ಪಕ್ಕದಲ್ಲೇ" ಅಂತ ಓದಿಕೊಂಡಿದ್ದೆವು. ಅವಳು ಕೇಳದಿದ್ದರೆ ತಪ್ಪು ಉತ್ತರದೊಂದಿಗೇ ಎದ್ದು ಹೋಗುತ್ತಿದ್ದೆವು. ಆ ದಿನದಿಂದ "ಗೊತ್ತಾಗಲಿಲ್ಲ" ಅನ್ನುವ ಮಾತಿಗೆ ನಮ್ಮಲ್ಲಿ ತುಂಬಾ ಬೆಲೆ.

ಕೆಲಸ ಹಂಚಿಕೊಳ್ಳುವುದು ಹೇಗೆ?

ಒಗಟನ್ನು ನೋಡಿ ಹಂಚಿ. ಒಂದೇ ದಾರದ ಒಗಟು, ಅಂದರೆ ಒಂದು ಹೆಜ್ಜೆ ಆದ ಮೇಲೇ ಮುಂದಿನದು ಸಿಗುವಂಥದ್ದು, ಹಂಚಲು ಬರುವುದಿಲ್ಲ. ಅಲ್ಲಿ ಒಬ್ಬರು ಬರೆಯಲಿ, ಒಬ್ಬರು ಪ್ರತಿ ಹೆಜ್ಜೆಗೆ ಯಾಕೆ ಅಂತ ಕೇಳಲಿ, ಒಬ್ಬರು ಬಳಸದೇ ಉಳಿದ ಸುಳಿವುಗಳ ಮೇಲೆ ಕಣ್ಣಿಡಲಿ. ಮೂರನೇ ಕೆಲಸವನ್ನು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ. ಆದರೆ ಒಗಟು ನಿಂತುಹೋದಾಗ ಕೈ ಹಿಡಿಯುವುದು ಅವರೇ. ಹತ್ತು ನಿಮಿಷಕ್ಕೊಮ್ಮೆ ಕೆಲಸ ಬದಲಾಯಿಸಿಕೊಳ್ಳಿ.

ಹಲವು ತುಂಡುಗಳ ಒಗಟಾದರೆ ತುಂಡುಗಳನ್ನೇ ಹಂಚಬಹುದು. ಅಮೆರಿಕದ ಎಂಐಟಿ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1981ರಿಂದ ಪ್ರತಿ ಜನವರಿಯಲ್ಲಿ ಮಿಸ್ಟರಿ ಹಂಟ್ ಅಂತ ನಡೆಯುತ್ತದೆ. ಚಿಕ್ಕ ಒಗಟುಗಳ ಉತ್ತರಗಳನ್ನು ಕೂಡಿಸಿದರೆ ದೊಡ್ಡ ಒಗಟು ಬಿಡುತ್ತದೆ. ದೊಡ್ಡ ದೊಡ್ಡ ತಂಡಗಳು ಹಗಲು ರಾತ್ರಿ ಕೂತು ಬಿಡಿಸುತ್ತವೆ. ಗೆದ್ದವರಿಗೆ ಸಿಗುವ ಗೌರವ ಅಂದರೆ ಮುಂದಿನ ವರ್ಷದ ಒಗಟುಗಳನ್ನು ಕಟ್ಟುವ ಕೆಲಸ! ವಿಶ್ವ ಪಜಲ್ ಚಾಂಪಿಯನ್‌ಶಿಪ್‌ನಲ್ಲಿ ಒಂದು ದೇಶದ ತಂಡಕ್ಕೆ ನಾಲ್ಕು ಜನ. ಒಬ್ಬೊಬ್ಬರೇ ಬಿಡಿಸುವ ಸುತ್ತುಗಳ ಜೊತೆಗೆ ತಂಡದ ಸುತ್ತುಗಳೂ ಇರುತ್ತವೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಈ ಸ್ಪರ್ಧೆ 2017ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು, ವಿಶ್ವ ಸುಡೊಕು ಸ್ಪರ್ಧೆಯ ಜೊತೆಗೆ.

ಬೇರೆ ಊರಲ್ಲಿ ಇರುವವರ ಜೊತೆ ಮಾಡಬಹುದಾ?

ಧಾರಾಳವಾಗಿ. ಗೂಗಲ್ ಶೀಟ್‌ನಲ್ಲಿ ಟೇಬಲ್ ಹಾಕಿ ಎಲ್ಲರಿಗೂ ಕಳಿಸಿ, ಫೋನಿನಲ್ಲಿ ಮಾತಾಡುತ್ತಾ ತುಂಬಿ. ಒಬ್ಬೊಬ್ಬರಿಗೆ ಒಂದು ಬಣ್ಣ ಇರಲಿ. ಇಂಟು ಹಾಕಿದವರು ಕಾರಣವನ್ನು ಬಾಯಿಬಿಟ್ಟು ಹೇಳಲಿ. ಮುಖ ಕಾಣದ ಕಡೆ ಸುಮ್ಮನೆ ಇರುವವರು ಒಪ್ಪಿದ್ದಾರೋ, ದಾರಿ ತಪ್ಪಿದ್ದಾರೋ ಗೊತ್ತಾಗುವುದಿಲ್ಲ. ಹೆಸರು ಹಿಡಿದು ಕೇಳಿ.

ಉತ್ತರ ನೋಡಿಬಿಟ್ಟರೆ ತಪ್ಪಾ?

ತಪ್ಪೇನಿಲ್ಲ. ಆದರೆ ಪೂರ್ತಿ ನೋಡಬೇಡಿ. ಮುಂದಿನ ಒಂದು ಹೆಜ್ಜೆಯನ್ನು ಮಾತ್ರ ನೋಡಿ, ಉಳಿದದ್ದನ್ನು ಕೈಯಿಂದ ಮುಚ್ಚಿಕೊಳ್ಳಿ. ನೋಡಿದ ಮೇಲೆ "ಈ ಹೆಜ್ಜೆ ನನಗೆ ಯಾಕೆ ಕಾಣಲಿಲ್ಲ?" ಅಂತ ಕೇಳಿಕೊಳ್ಳಿ. ಗುಂಪಿನಲ್ಲಿ ಒಬ್ಬರಿಗೆ ಒಗಟು ಮೊದಲೇ ಗೊತ್ತಿದ್ದರೆ ಅವರು ಶುರುವಿನಲ್ಲೇ ಹೇಳಿಬಿಡಬೇಕು. ಆಗ ಅವರಿಗೆ ಕಾಫಿ ಮಾಡುವ ಕೆಲಸ.

ಮಕ್ಕಳನ್ನು ಕೂರಿಸಿಕೊಳ್ಳಬಹುದಾ?

ಖಂಡಿತ. ಸಾಲಿಗೆ 9 ಮನೆಯ ಸುಡೊಕು ಬೇಡ, ಸಾಲಿಗೆ 4 ಮನೆಯದ್ದರಿಂದ ಶುರು ಮಾಡಿ. ನಿಮಗೆ ಉತ್ತರ ಕಂಡರೂ ಹೇಳಬೇಡಿ. "ಅಲ್ಲಿ 2 ಹಾಕು" ಅನ್ನುವ ಬದಲು "ಅಲ್ಲಿ ಏನೇನು ಬರಲ್ಲ, ಪುಟ್ಟಾ?" ಅಂತ ಕೇಳಿ.

ದಿನಾ ಸುಡೊಕು ಮಾಡಿದರೆ ಮರೆವು ಬರುವುದಿಲ್ಲವಂತೆ, ನಿಜವಾ?

ಹಾಗಂತ ಮಾತು ಕೊಡಲು ಆಗುವುದಿಲ್ಲ. ಸುಡೊಕು ಮಾಡಿದರೆ ಸುಡೊಕು ಚೆನ್ನಾಗಿ ಬರುತ್ತದೆ. ಮರೆವಿನ ಚಿಂತೆ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಒಗಟನ್ನು ಖುಷಿಗೆ ಮಾಡಿ.

ಈ ವಾರಕ್ಕೆ ಒಂದು ಒಗಟು ಕೊಡ್ತೀರಾ?

ತೆಗೆದುಕೊಳ್ಳಿ. ಅಡುಗೆಮನೆಯಲ್ಲಿ ಮೂರು ಡಬ್ಬಿ. ಒಂದರಲ್ಲಿ ಬರೀ ಕಡಲೆಬೀಜ, ಒಂದರಲ್ಲಿ ಬರೀ ಬಟಾಣಿ, ಒಂದರಲ್ಲಿ ಎರಡೂ ಬೆರೆತಿವೆ. ಡಬ್ಬಿಗಳ ಮೇಲೆ "ಕಡಲೆಬೀಜ", "ಬಟಾಣಿ", "ಬೆರಕೆ" ಅಂತ ಚೀಟಿ ಅಂಟಿಸಿದ್ದಾರೆ. ಆದರೆ ಮೂರೂ ಚೀಟಿ ತಪ್ಪು, ಒಂದೂ ಸರಿಯಾದ ಡಬ್ಬಿಯ ಮೇಲಿಲ್ಲ. ನೀವು ಒಂದೇ ಒಂದು ಡಬ್ಬಿಗೆ ಕೈ ಹಾಕಿ, ಒಳಗೆ ನೋಡದೆ ಒಂದೇ ಒಂದು ಕಾಳು ತೆಗೆಯಬಹುದು. ಅಷ್ಟರಲ್ಲೇ ಮೂರೂ ಚೀಟಿ ಸರಿ ಮಾಡಬೇಕು. ಯಾವ ಡಬ್ಬಿಗೆ ಕೈ ಹಾಕುತ್ತೀರಿ? ಯಾಕೆ?